ಮಗಳ ಕಾಲ್ಗುಣ

ಜನವರಿ 9

ಪುಸ್ತಕ ಎಷ್ಟು ದಪ್ಪ ಬರುತ್ತದೆಂದು ನೋಡಲು ಪ್ರೆಸ್ಸಿನಲ್ಲಿ ಖಾಲಿ ಹಾಳೆಗಳನ್ನು ಹೊಲಿದು ಒಂದು ಮಾದರಿ ಮಾಡುತ್ತಾರೆ. ಅಂಥದ್ದೊಂದನ್ನು ಮಾಲೀಕರು ಇವತ್ತು ನನ್ನ ಮೇಜಿನ ಮೇಲಿಟ್ಟು, "ತಗೊಳ್ಳಮ್ಮ, ಬೇಜಾರಾದಾಗ ಏನಾದ್ರೂ ಗೀಚು" ಎಂದರು. ಹನ್ನೊಂದು ವರ್ಷದಿಂದ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಕರಡು ತಿದ್ದುವವಳು ತಾನೇ ಬರೆದರೆ ಎಷ್ಟು ತಪ್ಪು ಮಾಡುತ್ತಾಳೋ ನೋಡೋಣ. ಇದನ್ನು ಕದ್ದು ಓದುವವರಿಗೆ ಜೀವಮಾನವಿಡೀ ಪುಟ ಹಿಂದುಮುಂದಾದ ಪುಸ್ತಕಗಳೇ ಸಿಗಲಿ.

ಇವತ್ತಿನ ಸುದ್ದಿ: ಟೀಪುಡಿ ಡಬ್ಬಿಯ ಮುಚ್ಚಳವನ್ನು ನಾನೇ ತಿರುಗಿಸಿ ತೆಗೆದೆ.

ನಗುವ ಮಾತಲ್ಲ. ನಾಲ್ಕು ವರ್ಷದಿಂದ ಆ ಡಬ್ಬಿಗೆ ನಾನು ಸೋತಿದ್ದೆ. ಬೆರಳ ಗೆಣ್ಣುಗಳು, ಮಣಿಕಟ್ಟು, ಪಾದ, ಎಲ್ಲ ಕಡೆ ಸಂಧಿವಾತ. ವಯಸ್ಸಾದವರಿಗೆ ಬರುವ ಸವೆತದ ನೋವಲ್ಲ, ಇದು ಬೇರೆ ಜಾತಿ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಕೀಲುಗಳ ಮೇಲೆ ಬೀಳುತ್ತದಂತೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೆಳಿಗ್ಗೆ ಎದ್ದರೆ ಎರಡು ಗಂಟೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಈಗ ಬಸಿರಿಗೆ ಐದು ತಿಂಗಳು. ಎರಡು ತಿಂಗಳಿಂದ ನೋವು ಹೇಳದೆ ಕೇಳದೆ ಮನೆ ಖಾಲಿ ಮಾಡಿದೆ.

ಅತ್ತೆ ಮುಚ್ಚಳವನ್ನೂ ನನ್ನ ಕೈಯನ್ನೂ ನೋಡಿ, "ಹುಟ್ಟೋ ಮೊದ್ಲೇ ಕಾಲ್ಗುಣ ತೋರಿಸ್ತಿದೆ ನನ್ನ ಮೊಮ್ಮಗು" ಎಂದರು. ಟೀ ಮಾಡಿದ್ದೂ ನಾನೇ. ಸಕ್ಕರೆ ಜಾಸ್ತಿಯಾಗಿತ್ತು, ಯಾರೂ ಏನೂ ಅನ್ನಲಿಲ್ಲ.

ಜನವರಿ 23

ಕೀಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಇವರು, ನನ್ನ ಗಂಡ, ಬೀಗ ರಿಪೇರಿ ಮಾಡುವವರು, ಬಸ್ ನಿಲ್ದಾಣದ ಎದುರು ಅಂಗಡಿ. ಪ್ರತಿ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅದೇ ಜೋಕು: "ಅವರು ಕೀಲಿನ ಡಾಕ್ಟ್ರು, ನಾನು ಕೀಲಿ ಡಾಕ್ಟ್ರು." ಇವತ್ತು ನಕ್ಕೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನಕ್ಕಿದ್ದಕ್ಕೆ ಇವರಿಗೇ ಗಾಬರಿ.

ಡಾಕ್ಟರಮ್ಮ ಒಂದೊಂದೇ ಬೆರಳನ್ನು ಒತ್ತಿ ನೋಡಿದರು. "ತುಂಬಾ ಚೆನ್ನಾಗಿದೆ. ಆದ್ರೆ ವಾಸಿಯಾಯ್ತು ಅಂದ್ಕೋಬೇಡಿ. ಬಸಿರಿನಲ್ಲಿ ಬಹಳ ಜನಕ್ಕೆ ಇದು ಇಳಿಯುತ್ತೆ, ಎಲ್ಲರಿಗೂ ಅಲ್ಲ. ಹೆರಿಗೆಯಾದ ಮೇಲೆ ಕೆಲವು ತಿಂಗಳಲ್ಲೇ ಮತ್ತೆ ಏಳೋದೂ ಅಷ್ಟೇ ಸಾಮಾನ್ಯ. ಆರನೇ ವಾರಕ್ಕೆ ತಪ್ಪದೆ ಬನ್ನಿ. ಈಗಿನ ಮಾತ್ರೆ ಮಗುಗೆ ತೊಂದರೆ ಮಾಡಲ್ಲ, ಬಿಡಬೇಡಿ."

ಮಗು ಬೇಕೆಂದಾಗ ವಾರಕ್ಕೊಂದು ದಿನ ನುಂಗುತ್ತಿದ್ದ ಹಳೆಯ ಮಾತ್ರೆಯನ್ನು ಡಾಕ್ಟರಮ್ಮನೇ ನಿಲ್ಲಿಸಿದ್ದು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದಿಲ್ಲವೆಂದು. ಬದಲಿಗೆ ಕೊಟ್ಟದ್ದು ಈಗಿನದು. ಹಾಲಿಗೆ ಹುಳಿ ಹಿಂಡುವುದನ್ನು ವೈದ್ಯಕೀಯದಲ್ಲಿ ಪಾಠ ಮಾಡುತ್ತಾರೋ ಏನೋ. ವಾಪಸ್ಸು ಬರುವಾಗ ನಡೆದೇ ಬಂದೆ, ಮನೆಯವರೆಗೆ ಮೂರು ಮಹಡಿ ಹತ್ತಿದೆ.

ಮಾರ್ಚ್ 2

ಮಾತ್ರೆ ಬಿಟ್ಟು ಹತ್ತು ದಿನವಾಯಿತು. ಏನೂ ಆಗಲಿಲ್ಲ. ನೋವೇ ಇಲ್ಲದವಳು ನೋವಿನ ಮಾತ್ರೆ ನುಂಗುವುದು ಮಳೆಯಿಲ್ಲದಾಗ ಕೊಡೆ ಹಿಡಿದಂತೆ. ಇವರಿಗೆ ಹೇಳಿಲ್ಲ. ಇವರು ಕೇಳಿಯೂ ಇಲ್ಲ.

ಮೇ 18

ಹೆಣ್ಣು. ನಾಲ್ಕು ದಿನವಾಯಿತು. ಹೊಟ್ಟೆಯಲ್ಲಿದ್ದಾಗ ಇವರು ಬಟಾಣಿ ಎನ್ನುತ್ತಿದ್ದರು, ಹೊರಗೆ ಬಂದ ಮೇಲೂ ಅದೇ ನಿಂತಿದೆ.

ಎತ್ತಿಕೊಂಡೆ. ಎಷ್ಟು ಸಲ ಎತ್ತಿಕೊಂಡೆನೋ. ಎಡಗೈಯಲ್ಲಿ ತಲೆ, ಬಲಗೈಯಲ್ಲಿ ಕುಂಡೆ. ಇಂಥ ಮಗುವನ್ನು ಹಿಡಿಯಲು ಈ ಕೈಗಳು ಬರುತ್ತವೋ ಇಲ್ಲವೋ ಎಂದು ನಾಲ್ಕು ವರ್ಷ ಹೆದರಿ ಮುಂದಕ್ಕೆ ಹಾಕಿದ್ದೆ. ಅವಳು ನನ್ನ ತೋರುಬೆರಳನ್ನು ಹಿಡಿದು ಬಿಡಲೇ ಇಲ್ಲ. ಒಂದು ಚೂರೂ ನೋಯಲಿಲ್ಲ. ನರ್ಸು ಬಂದು, "ಕೆಳಗಿಡಿ, ನೀವೂ ಸ್ವಲ್ಪ ಮಲಗಿ" ಎಂದರೆ ಜಗಳಕ್ಕೆ ನಿಂತೆ.

ಜೂನ್ 4

ನೋಡಲು ಬಂದವರಿಗೆಲ್ಲ ಅತ್ತೆಯದು ಒಂದೇ ಕಥೆ. ಪಕ್ಕದ ಮನೆ ಟೀಚರಿಗೆ ಇವತ್ತು ಮೂರನೇ ಸಲ: "ನಮ್ಮ ಸೊಸೆ ಬೆರಳು ಮಡಚೋಕಾಗ್ದೆ ಅಳ್ತಿದ್ಲು. ಈ ಪುಣ್ಯಾತ್ಗಿತ್ತಿ ಹೊಟ್ಟೆಗೆ ಬಂದದ್ದೇ ತಡ, ರೋಗ ಕಾಲಿಗೆ ಬುದ್ಧಿ ಹೇಳ್ತು! ಇದಪ್ಪಾ ಕಾಲ್ಗುಣ ಅಂದ್ರೆ."

ಟೀಚರು ಬಟಾಣಿಯ ಪಾದವನ್ನು ಕಣ್ಣಿಗೊತ್ತಿಕೊಂಡರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಪಾದ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದವಿದೆ, ಅಷ್ಟೇ.

ಜೂನ್ 21

ಬೆಳಿಗ್ಗೆ ಎದ್ದಾಗ ಬಲಗೈಯ ನಡುಬೆರಳು ಮಡಚಲಿಲ್ಲ.

ರಾತ್ರಿ ಕೈಮೇಲೆ ಮಲಗಿದ್ದೆನೇನೋ ಅಂದುಕೊಂಡೆ. ಒಂಬತ್ತು ಗಂಟೆಗೆ ಸರಿಹೋಯಿತು. ಆದರೆ ಆ ಬಿಗಿ ನನಗೆ ಗೊತ್ತು. ಇನ್ನೊಬ್ಬರ ಮನೆಯಲ್ಲಿದ್ದರೂ ಅತ್ತೆಯ ಕೆಮ್ಮು ಗುರುತು ಹತ್ತುವುದಿಲ್ಲವೇ, ಹಾಗೆ.

ಹೇಳಬಾರದು. ಯಾಕೆ ಹೇಳಬಾರದೆಂದು ಇಲ್ಲಾದರೂ ಬರೆಯುತ್ತೇನೆ. ನಾನು ಹುಟ್ಟಿದ ಮೇಲೆ ನನ್ನ ಅಮ್ಮ ಹಾಸಿಗೆ ಹಿಡಿದಳು. ಅದಕ್ಕೂ ಮೊದಲು ಎರಡು ಕೊಡ ನೀರು ಒಟ್ಟಿಗೆ ತರುತ್ತಿದ್ದ ಹೆಂಗಸಂತೆ. ನನಗೆ ನೆನಪಿರುವ ಅಮ್ಮನ ಕೈಗಳು ಸೆರಗಿನ ಒಳಗೆ ಇರುತ್ತಿದ್ದವು. ದೊಡ್ಡಮ್ಮ, ಚಿಕ್ಕಮ್ಮ, ಬಂದವರು, ಹೋದವರು, ಎಲ್ಲರೂ ನನ್ನ ಎದುರೇ ಹೇಳುತ್ತಿದ್ದರು: "ಕಾಲ್ಗುಣ ಸರಿಯಿಲ್ಲ ಈ ಹುಡುಗಿದು, ತಾಯಿ ಕೈಕಾಲು ತಿಂದ್ಕೊಂಡೇ ಬಂತು." ನಾನು ಏಳು ವರ್ಷದವಳಿದ್ದಾಗ ಅಮ್ಮ ಹೋದಳು. ಅವಳು ನನ್ನನ್ನು ಎತ್ತಿಕೊಂಡ ನೆನಪು ಒಂದೂ ಇಲ್ಲ. ಅವಳೂ ಹಾಗೇ ನಂಬಿದ್ದಳೆಂದು ನನ್ನ ಲೆಕ್ಕ.

ಒಳ್ಳೆಯ ಕಾಲ್ಗುಣ ಎಂದವರ ಬಾಯಿ ಕೆಟ್ಟದ್ದು ಎನ್ನಲು ಎಷ್ಟು ಹೊತ್ತು ಬೇಕು? ರೋಗ ವಾಪಸ್ಸು ಬಂತೆಂದರೆ ಅದನ್ನೂ ಬಟಾಣಿಯ ತಲೆಗೇ ಕಟ್ಟುತ್ತಾರೆ. ಅವಳಿಗೆ ಇನ್ನೂ ಐದು ವಾರ. ಆ ಮಾತನ್ನು ಅವಳು ಕೇಳಬಾರದು. ನಾನು ಕೇಳಿದ್ದು ಸಾಕು, ನಮ್ಮ ವಂಶಕ್ಕೆ.

ಜೂನ್ 26

ಆರನೇ ವಾರ. ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲವೆಂದೆ. ಮಾತ್ರೆ ಬರೆದುಕೊಡುತ್ತಾರೆ, ಹಾಲು ಬಿಡಿಸು ಎನ್ನುತ್ತಾರೆ. ಹೊಟ್ಟೆಯಲ್ಲಿದ್ದಾಗ ಆಗದ ಮಾತ್ರೆ ಹಾಲಿನಲ್ಲಿ ಆಗುತ್ತದೆಯೇ? ಅವಳ ಹಾಲಿಗೋಸ್ಕರ ಇಷ್ಟು ತಡೆದುಕೊಳ್ಳಲಾರೆನೇ? ಇವರಿಗೆ, "ಎಲ್ಲಾ ಚೆನ್ನಾಗಿದೆಯಂತೆ, ಬರೋದು ಬೇಡ ಅಂದ್ರು" ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು.

ಜುಲೈ 5

ಎರಡೂ ಕೈ. ಮಣಿಕಟ್ಟು ಊದಿದೆ, ಉದ್ದ ತೋಳಿನ ರವಿಕೆ ಹಾಕಿದರೆ ಕಾಣುವುದಿಲ್ಲ.

ಉಪಾಯ ಒಂದೊಂದೇ ಕಲಿತಿದ್ದೇನೆ. ನಲ್ಲಿಯನ್ನು ಮೊಣಕೈಯಿಂದ ತಿರುಗಿಸುವುದು. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯುವುದು. ಬಟಾಣಿಯನ್ನು ಎತ್ತುವ ಬದಲು ಚಾಪೆಯ ಮೇಲೆ ಅವಳ ಪಕ್ಕ ಮಲಗಿ ಹಾಲು ಕುಡಿಸುವುದು. ಮಕ್ಕಳನ್ನು ಸದಾ ಎತ್ತಿಕೊಂಡರೆ ಅದೇ ಚಟ ಆಗುತ್ತದೆಂದು ಎಲ್ಲ ಪುಸ್ತಕಗಳಲ್ಲೂ ಇದೆ, ನಾನೇ ತಿದ್ದಿದ್ದೇನೆ. ಚಾಪೆಯೇ ಒಳ್ಳೆಯದು, ಬೆನ್ನು ಗಟ್ಟಿಯಾಗುತ್ತದೆ.

ಈ ನಡುವೆ ಇವರಿಗೊಂದು ಹುಚ್ಚು ಹತ್ತಿದೆ. ಊರಿಗೆಲ್ಲ ಬೀಗ ಸರಿಮಾಡುವವರ ಮನೆಯಲ್ಲಿ ಬಚ್ಚಲಿನ ಚಿಲಕಕ್ಕೆ ಹತ್ತು ವರ್ಷದಿಂದ ದಾರ ಕಟ್ಟಿತ್ತು, ದೀಪದ ಬುಡದಲ್ಲಿ ಕತ್ತಲೆ. ಈಗ ಮಗಳು ಬಂದ ಮೇಲೆ ದಿನಕ್ಕೊಂದು ಬೀಗ ತರುತ್ತಿದ್ದಾರೆ. ಅಡುಗೆಮನೆಯ ಕಪಾಟಿಗೆ ಒತ್ತಿ ತಿರುಗಿಸುವ ಕೊಂಡಿ, ಮಾತ್ರೆ ಪೆಟ್ಟಿಗೆಗೆ ಇನ್ನೊಂದು, ಬಾಗಿಲಿಗೆ ಎರಡು ಸುತ್ತಿನ ಬೀಗ. "ಏನ್ರೀ ಇದು, ಅವಳಿಗಿನ್ನೂ ಕತ್ತೇ ನಿಂತಿಲ್ಲ" ಎಂದರೆ, "ನಿಂಗೊತ್ತಾಗಲ್ಲ ಸುಮ್ನಿರು, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಓಡಾಡ್ತಾಳೆ" ಎನ್ನುತ್ತಾರೆ. ಸ್ಕ್ರೂ ತಿರುಗಿಸುತ್ತಾ ಹಾಡುತ್ತಾರೆ. ಇಷ್ಟು ಖುಷಿಯಾಗಿ ಇವರನ್ನು ನಾನು ನೋಡಿಯೇ ಇಲ್ಲ.

ಜುಲೈ 13

ಕಪಾಟು ತೆಗೆಯಲು ಆಗಲಿಲ್ಲ. ಸಕ್ಕರೆಯಿಲ್ಲದ ಟೀ ಕುಡಿದೆ. ಒಳ್ಳೆಯದೇ.

ಜುಲೈ 22

ಅತ್ತೆ ಬಾಟಲಿ ಹಾಲು ಶುರು ಮಾಡಿದ್ದಾರೆ. "ಅಳ್ತಾಳೆ ಕಣೆ, ನಿಂಗೆ ಸಾಲ್ತಿಲ್ಲ ಅನ್ಸುತ್ತೆ" ಎಂದರು. ಬೆಳಗಿನ ಹೊತ್ತು ನನಗೆ ಮಗ್ಗುಲು ತಿರುಗುವುದೇ ಕಷ್ಟವಾಗಿದೆ, ಆ ಹೊತ್ತಿಗೆ ಬಾಟಲಿಯೇ ಅನುಕೂಲ. ಮಧ್ಯಾಹ್ನ ಒಂದು ಸಲ ನಾನು ಕುಡಿಸುತ್ತೇನೆ. ಹಾಗಾಗಿ ಮಾತ್ರೆ ತೆಗೆದುಕೊಳ್ಳುವಂತಿಲ್ಲ.

ಸ್ನಾನ ಅತ್ತೆಯೇ ಮಾಡಿಸುತ್ತಾರೆ. ಬಟ್ಟೆ ಬದಲಿಸುವುದೂ ಅವರೇ, ಆ ಪುಟ್ಟ ಗುಂಡಿಗಳು ನನ್ನ ಶತ್ರುಗಳು. ನಾನು ದೂರದಿಂದ ಗಿಲಕಿ ಆಡಿಸುತ್ತೇನೆ, ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ. ಅವಳು ನಗುತ್ತಾಳೆ. ಮನೆ ವ್ಯವಸ್ಥೆಗೆ ಬಂದಿದೆ.

ಆಗಸ್ಟ್ 3

ಬಾಲ್ಕನಿಯ ಗಾಜಿನ ಬಾಗಿಲಿಗೆ ಹೊಸ ಬೀಗ. ಬಾಗಿಲು ತಾನಾಗಿಯೇ ಎಳೆದುಕೊಂಡು ಮುಚ್ಚುತ್ತದೆ, ದುಂಡನೆಯ ಹಿಡಿಯನ್ನು ಒತ್ತಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ. ಒಳಗಿನಿಂದಲೂ ಹೊರಗಿನಿಂದಲೂ ಹಾಗೇ. ಇವರೇ ಯೋಚಿಸಿ, ಒಳಗಿನ ಸ್ಪ್ರಿಂಗನ್ನು ತಾವೇ ಕೂಡಿಸಿ ಮಾಡಿದ್ದು. "ಮಗು ಕೈಯಲ್ಲಿ ಜಪ್ಪಯ್ಯ ಅಂದ್ರೂ ಆಗಲ್ಲ. ದೊಡ್ಡವರಿಗೆ ಬೆಣ್ಣೆ." ಈಗಾಗಲೇ ಮಕ್ಕಳಿರುವ ಹನ್ನೊಂದು ಮನೆಗಳಿಗೆ ಹಾಕಿಕೊಟ್ಟು ಬಂದಿದ್ದಾರಂತೆ. ತಿರುಗಿಸಿ ನೋಡು ಎಂದರು. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅತ್ತೆ ನನ್ನನ್ನು ಈಚೆಗೆ ಒಂದು ಥರ ನೋಡುತ್ತಾರೆ. ಬಟಾಣಿಯನ್ನು ನನ್ನ ಕಡೆ ಚಾಚಿ, ನಾನು, "ನೀವೇ ಇಟ್ಕೊಳ್ಳಿ ಅತ್ತೆ, ನಿಮ್ಮ ಹತ್ರ ಆರಾಮಾಗಿದಾಳೆ" ಎಂದಾಗ ಆ ನೋಟ. ಕೈ ಕಂಡಿರಬಹುದೇ? ಇನ್ನು ಮೇಲೆ ಶಾಲು ಹೊದೆಯುತ್ತೇನೆ.

ಆಗಸ್ಟ್ 9

ಪೆನ್ನು ಜಾರುತ್ತದೆ.

ಆಗಸ್ಟ್ 16

ಇವತ್ತು ಬರೆಯದೆ ಇರಲಾರೆ. ಮಧ್ಯಾಹ್ನದ ಹೊತ್ತು ಬೆರಳು ಸ್ವಲ್ಪ ಸಡಿಲ, ನಿಲ್ಲಿಸಿ ನಿಲ್ಲಿಸಿ ಬರೆಯುತ್ತೇನೆ.

ಅತ್ತೆ ಕಣ್ಣಿನ ತಪಾಸಣೆಗೆಂದು ಬೆಳಿಗ್ಗೆ ಏಳೂವರೆಗೇ ಹೋದರು. ಇವರು ಎಂಟಕ್ಕೆ ಅಂಗಡಿಗೆ. ಬಟಾಣಿ ಚಾಪೆಯ ಮೇಲೆ ಆಡುತ್ತಿದ್ದಳು. ಅವಳ ಒದ್ದೆ ಬಟ್ಟೆಗಳನ್ನು ಮೊಣಕೈ ಮಡಿಕೆಯಲ್ಲಿ ಹಾಕಿಕೊಂಡು ಬಾಲ್ಕನಿಗೆ ಹೋದೆ. ಬಾಗಿಲಿಗೆ ಕುರ್ಚಿ ಅಡ್ಡ ಇಡುವುದು ನನ್ನ ಅಭ್ಯಾಸ. ಇವತ್ತು ಕುರ್ಚಿ ಎಳೆಯಲೂ ಕೈ ಬರಲಿಲ್ಲ, ಒಂದೇ ನಿಮಿಷ ತಾನೇ ಎಂದು ಚಪ್ಪಲಿ ಸಿಕ್ಕಿಸಿದೆ. ಎರಡನೇ ಬಟ್ಟೆ ಹಾಕುವಷ್ಟರಲ್ಲಿ ಗಾಳಿ ಬಂತು, ಚಪ್ಪಲಿ ಜಾರಿತು, ಬಾಗಿಲು ಟಕ್ಕೆಂದು ಕೂತಿತು.

ಹಿಡಿಯನ್ನು ಒತ್ತಿದೆ. ಬೆರಳು ಸುತ್ತಿಕೊಳ್ಳುತ್ತಲೇ ಇಲ್ಲ. ಎರಡೂ ಅಂಗೈಗಳ ನಡುವೆ ಹಿಡಿದು ತಿರುಗಿಸಿದೆ, ಮಣಿಕಟ್ಟಿನಿಂದ ಭುಜದವರೆಗೆ ನೋವು ಎದ್ದು ಕಣ್ಣು ಕತ್ತಲಿಟ್ಟಿತು. ಒದ್ದೆ ಬಟ್ಟೆ ಸುತ್ತಿ ನೋಡಿದೆ. ಮೊಣಕೈಯಿಂದ ಗುದ್ದಿದೆ. ಕೊನೆಗೆ ಮಂಡಿಯೂರಿ ಹಲ್ಲಿನಿಂದ ಕಚ್ಚಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಗಾಜಿನ ಆಚೆ ಮಗು, ಈಚೆ ನಾನು, ಬಾಯಲ್ಲಿ ಬೀಗ.

ಬಟಾಣಿ ಅಳಲು ಶುರುಮಾಡಿದಳು. ಗಾಜಿಗೆ ಮುಖವಿಟ್ಟು ಮಾತನಾಡಿಸಿದೆ, ಹಾಡಿದೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳ ತಲೆ ಚಾಪೆಯಿಂದ ನೆಲಕ್ಕೆ ಸರಿಯಿತು. ಹೊದಿಕೆಯ ಅಂಚು ಮುಖದ ಮೇಲೆ ಬಿತ್ತು. ಅಳು ಅದರ ಒಳಗಿನಿಂದ ಕೇಳುತ್ತಿತ್ತು. ಆಮೇಲೆ ನಿಂತಿತು.

ಅವಳು ಸುಮ್ಮನಾದ ಆ ಹೊತ್ತಿನಲ್ಲಿ ನಾನು ಕೂಗಿದ ಕೂಗು ನನ್ನದೆಂದು ನನಗೇ ಗೊತ್ತಾಗಲಿಲ್ಲ. ಪಕ್ಕದ ಬಾಲ್ಕನಿಗೆ ಟೀಚರು ಓಡಿ ಬಂದರು. ಹೊರಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು, ಕೀಲಿ ಇವರ ಹತ್ತಿರ, ಅವರೂ ಏನು ಮಾಡಿಯಾರು. ಇವರಿಗೆ ಫೋನ್ ಮಾಡಿದರು. ಇವರು ಬರಲು ಹದಿನೆಂಟು ನಿಮಿಷ. ಅಷ್ಟೂ ಹೊತ್ತು ಆ ಹೊದಿಕೆ ಮೇಲೆ ಕೆಳಗೆ ಆಡುತ್ತಿದೆಯೋ ಇಲ್ಲವೋ ಎಂದು ನೋಡುತ್ತ ನಿಂತಿದ್ದೆ. ಒಂದು ಸಲ ಆಡಿದಂತಿತ್ತು, ಒಂದು ಸಲ ಇಲ್ಲ.

ಇವರು ಬಂದು ಮೊದಲು ಹೊದಿಕೆ ಎತ್ತಿದರು. ಬಟಾಣಿ ಬೆವೆತು ಹೆಬ್ಬೆರಳು ಚೀಪುತ್ತಿದ್ದಳು.

ಆಮೇಲೆ ನನ್ನ ಬಾಗಿಲು ತೆರೆದರು. ನಾನು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡೆ. "ಬೀಗ ಸಿಕ್ಕಿಹಾಕ್ಕೊಂಡ್ತು ರೀ" ಎಂದೆ. ಆಗಲೂ ಸುಳ್ಳೇ ಹೇಳಿದೆ.

ಆಗಸ್ಟ್ 17

ಇವರು ಅಂಗಡಿಗೆ ಹೋಗಲಿಲ್ಲ. ಬೀಗವನ್ನು ಬಿಚ್ಚಿ ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದಾರೆ. ಎಣ್ಣೆ ಹಾಕಿದರು, ಸ್ಪ್ರಿಂಗ್ ಬದಲಿಸಿದರು, ಮತ್ತೆ ಕೂಡಿಸಿದರು. ನೂರು ಸಲ ತಿರುಗಿಸಿದರು. ನೂರು ಸಲವೂ ತೆರೆಯಿತು. "ಸಿಕ್ಕಿಹಾಕ್ಕೊಳ್ಳೋಕೆ ಕಾರಣಾನೇ ಇಲ್ವಲ್ಲೇ" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು ಎಂದೆ.

ಸಂಜೆ ಅತ್ತೆಯನ್ನು ಕರೆದು, "ಅಮ್ಮಾ, ನೀನು ತಿರುಗಿಸು" ಎಂದರು. ಅತ್ತೆಯ ಒಂದು ಕೈಯಲ್ಲಿ ಟೀ ಲೋಟ. ಇನ್ನೊಂದು ಕೈಯ ಎರಡೇ ಬೆರಳಲ್ಲಿ ತಿರುಗಿಸಿ ತೆಗೆದರು. ಅವರಿಗೆ ಎಪ್ಪತ್ತೊಂದು. 

ಆಗಸ್ಟ್ 18

ಇವರು ಊಟ ಮಾಡುತ್ತಿಲ್ಲ. ಹಾಡು ನಿಂತಿದೆ.

ಆಗಸ್ಟ್ 19

ಬೆಳಿಗ್ಗೆ ಇವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಕೈಯಲ್ಲಿ ಒಂದು ಚೀಟಿ, ಹನ್ನೊಂದು ಮನೆಗಳ ವಿಳಾಸ.

"ಎಲ್ಲಿಗೆ?" ಎಂದೆ.

"ಬಿಚ್ಕೊಂಡು ಬರ್ತೀನಿ ಎಲ್ಲಾನೂ. ಏನು ತಪ್ಪಾಗಿದೆ ಅಂತ ನಂಗೆ ಹೊಳೀತಿಲ್ಲ. ನನ್ನ ಬೀಗ ನಿನ್ನ ಹೊರಗೆ ಕೂಡಿಹಾಕ್ತು, ನಾಳೆ ಇನ್ನೊಬ್ಬ ತಾಯೀನ ಕೂಡಿಹಾಕುತ್ತೆ. ಹೇಳ್ಬಿಡ್ತೀನಿ ಅವರಿಗೆ, ನನ್ನ ಕೆಲಸ ಸರಿಯಿಲ್ಲ ಅಂತ." ಚೀಟಿ ಮಡಚುತ್ತ, "ಇಪ್ಪತ್ತಾರು ವರ್ಷ ಆಯ್ತು ಈ ಕೆಲಸಕ್ಕೆ. ಇನ್ನು ಸಾಕು ಅನ್ಸುತ್ತೆ ಕಣೆ" ಎಂದರು.

ಅವರು ಎರಡು ಮೆಟ್ಟಿಲು ಇಳಿದಿದ್ದರು. ಮಗಳ ಹೆಸರು ಉಳಿಸಲು ನಾನು ಗಂಡನ ಹೆಸರನ್ನು ಮಾರುತ್ತಿದ್ದೇನೆ ಎಂದು ಅಷ್ಟು ಹೊತ್ತಿಗೆ ನನ್ನ ತಲೆಗೆ ಹೋಯಿತು. ತಪ್ಪು ಹುಡುಕುವವಳ ತಲೆಗೆ ಇಷ್ಟು ತಡ.

"ಬೀಗ ಸರಿಯಾಗಿದೆ ರೀ. ಕೈ ಸರಿಯಿಲ್ಲ."

ಅವರು ತಿರುಗಿ ನಿಂತರು. ಶಾಲು ತೆಗೆದೆ. ಬೆಳಗಿನ ಎಂಟು ಗಂಟೆ, ಕೈಗಳು ತಮ್ಮ ಅತಿ ಕೆಟ್ಟ ರೂಪದಲ್ಲಿದ್ದವು. ಊದಿ, ಕೆಂಪಗೆ, ಬೆರಳು ಅರ್ಧ ಮಡಚಿ ನಿಂತು. ಇವರು ನೋಡುತ್ತಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಎಷ್ಟು ದಿನದಿಂದ?" ಎಂದರು. ಎರಡು ತಿಂಗಳು ಎಂದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅತ್ತೆ ಬಾಗಿಲಲ್ಲಿ ಬಟಾಣಿಯನ್ನು ಎತ್ತಿಕೊಂಡು ನಿಂತಿದ್ದರು. ಬಂತು, ಈಗ ಬಂತು ಆ ಮಾತು ಎಂದು ನಾನು ಕಾದೆ. ಅತ್ತೆಯ ಕಣ್ಣಲ್ಲಿ ನೀರು.

"ಮಗು ಬೇಡವಾಗಿದೆ ನಿಂಗೆ ಅಂದ್ಕೊಂಡಿದ್ದೆ ಕಣೆ ನಾನು. ಎಷ್ಟು ಸಲ ಕೊಟ್ರೂ ಕೈ ಚಾಚ್ತಿರ್ಲಿಲ್ಲ. ಹೆಣ್ಣಾಯ್ತು ಅಂತ ಬೇಜಾರೇನೋ, ತಾಯಿಯಿಲ್ಲದೆ ಬೆಳೆದವಳು, ಎತ್ತಿಕೊಳ್ಳೋದೇ ಗೊತ್ತಿಲ್ವೇನೋ ಅಂತ ಏನೇನೋ ಯೋಚ್ನೆ ಮಾಡಿದೆ. ಮಗುಗಿಂತ ಹೆಚ್ಚಾಗಿ ನಿನ್ನ ಮೇಲೆ ಕಣ್ಣಿಟ್ಟಿದ್ದೆ."

"ಎತ್ತಿಕೊಂಡಿದೀನಲ್ಲ ಅತ್ತೆ" ಎಂದೆ.

"ಯಾವಾಗ?"

ನೆನಪು ಮಾಡಿಕೊಳ್ಳಲು ಹೋದೆ. ಈಗ ಹಿಂದಿನ ಪುಟಗಳನ್ನೂ ತಿರುವಿ ನೋಡಿದೆ. ಜುಲೈ ಐದರ ನಂತರ ಒಂದು ಸಲವೂ ಇಲ್ಲ. ಪ್ರತಿ ಪುಟದಲ್ಲಿ ಅದನ್ನು ನಾನೇ ಬರೆದಿದ್ದೇನೆ, ನಾನೇ ಓದಿಲ್ಲ.

ಆಮೇಲೆ ಅತ್ತೆಗೆ ಎಲ್ಲ ಹೇಳಿದೆ. ಅಮ್ಮನ ವಿಷಯ, ಕಾಲ್ಗುಣದ ವಿಷಯ.  ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಗದರಿದರು: "ನಾನೊಬ್ಳು ಮುದುಕಿ ಖುಷಿಗೆ ಬಾಯಿಗೆ ಬಂದದ್ದು ಅಂದ್ರೆ, ಓದಿದವಳು ನೀನು ಅದನ್ನ ಗಂಟು ಕಟ್ಟಿಕೊಂಡು ಕೂರೋದಾ? ಆ ಕೂಸಿಗೆ ಮಗ್ಗುಲಾಗೋಕೇ ಇನ್ನೂ ಬರಲ್ಲ, ರೋಗ ತರೋದು ಓಡಿಸೋದು ಎಲ್ಲಿಂದ ಬರ್ಬೇಕು!"

ಆಗಸ್ಟ್ 24

ಡಾಕ್ಟರಮ್ಮ ಬೈದರು. ಅದರಲ್ಲಿ ಬೈಗುಳಕ್ಕಿಂತ ಸುಸ್ತೇ ಹೆಚ್ಚಿತ್ತು. ಮೊದಲು ಊತ ಇಳಿಸಲು ಕಡಿಮೆ ಪ್ರಮಾಣದ ಒಂದು ಮಾತ್ರೆ ಕೆಲವು ವಾರ, ಜೊತೆಗೆ ಬಸಿರಿನಲ್ಲಿ ನಾನು ಬಿಟ್ಟ ಅದೇ ಮಾತ್ರೆ. ಸಾಲದಿದ್ದರೆ ಮುಂದೆ ಇಂಜೆಕ್ಷನ್.

"ಹಾಲು ಬಿಡಿಸಬೇಕಾ?" ಎಂದೆ.

"ಯಾಕೆ? ಇದೆಲ್ಲ ಹಾಲು ಕುಡಿಸ್ತಾನೂ ತಗೋಬಹುದು. ಆ ವಾರದ ಮಾತ್ರೆ ಮಾತ್ರ ಆಗಲ್ಲ. ಯಾರು ಹೇಳಿದ್ರು ನಿಮಗೆ ಬಿಡಿಸಬೇಕು ಅಂತ?"

ಯಾರೂ ಹೇಳಿರಲಿಲ್ಲ. ಹಾಲು ಈಗ ಹೆಚ್ಚುಕಡಿಮೆ ಬತ್ತಿದೆ. ಅದನ್ನು ಉಳಿಸಲೆಂದೇ ಎರಡು ತಿಂಗಳು ಹಲ್ಲು ಕಚ್ಚಿ ಕೂತಿದ್ದೆ.  ಎಕ್ಸ್-ರೇಯಲ್ಲಿ ಬಲ ಮಣಿಕಟ್ಟಿನ ಒಂದು ಮೂಳೆಯ ಅಂಚು ಸವೆದಿದೆಯಂತೆ. ಸವೆದದ್ದು ತಿರುಗಿ ಬೆಳೆಯುವುದಿಲ್ಲ, ಇನ್ನು ಮುಂದೆ ಸವೆಯದಂತೆ ನೋಡೋಣ ಎಂದರು.

ಕಾಗದ ತುಂಬಿಸುತ್ತ, "ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದು ಕೇಳಿದರು. ನಾಲ್ಕು ವರ್ಷದ ಹಿಂದೆ ಕೇಳಿದಾಗ ಗೊತ್ತಿಲ್ಲ ಎಂದಿದ್ದೆ. ಇವತ್ತು ಅಮ್ಮನ ಕೈಗಳ ಬಗ್ಗೆ ಹೇಳಿದೆ, ನಾನು ಹುಟ್ಟಿದ ಮೇಲೆ ಹಾಗಾಯಿತು ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಹೆರಿಗೆಯಾದ ಮೇಲಿನ ಒಂದು ವರ್ಷದಲ್ಲಿ ಇದು ಮೊದಲ ಸಲ ಶುರುವಾಗೋದು ಇದ್ದದ್ದೇ. ನೋಡದೆ ಹೇಳೋಕಾಗಲ್ಲ, ಆದ್ರೆ ನಿಮ್ಮ ತಾಯಿಗೆ ಇದೇ ಇದ್ದಿರಬಹುದು. ಆಗ ಮದ್ದೂ ಇಷ್ಟಿರಲಿಲ್ಲ. ನಿಮ್ಮನ್ನ ಎತ್ತಿಕೊಳ್ಳೋಕೆ ಅವರಿಗೆ ಆಗ್ತಿರಲಿಲ್ಲಮ್ಮ."

ಬಸ್ಸಿನಲ್ಲಿ ಇವರ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟೆ. ಮೂವತ್ತಮೂರು ವರ್ಷದ ಹೆಂಗಸು, ಕಂಡಕ್ಟರು ಟಿಕೇಟು ಕೇಳಲೂ ಹಿಂಜರಿದ. ಅಮ್ಮ ನನ್ನನ್ನು ಒಲ್ಲೆ ಎಂದಿರಲಿಲ್ಲ.

ಸೆಪ್ಟೆಂಬರ್ 2

ಊತ ಸ್ವಲ್ಪ ಇಳಿದಿದೆ. ಬೆಳಗಿನ ಬಿಗಿ ಎರಡು ಗಂಟೆಯಿಂದ ಒಂದು ಗಂಟೆಗೆ ಬಂದಿದೆ, ಪೂರ್ತಿ ಹಿಡಿತಕ್ಕೆ ಬರಲು ಇನ್ನೂ ತಿಂಗಳುಗಳು ಬೇಕು. ಬೀಗಗಳು ನನ್ನ ಕೈಗೆ ಇನ್ನೂ ತೆರೆಯುವುದಿಲ್ಲ. ಇವರು ಎಲ್ಲ ಹಿಡಿಗಳನ್ನೂ ತೆಗೆದು ಮೊಣಕೈಯಿಂದ ಒತ್ತುವ ಉದ್ದನೆಯ ಹಿಡಿ ಹಾಕುತ್ತಿದ್ದಾರೆ, ಎರಡು ಆಗಿದೆ, ಇನ್ನು ನಾಲ್ಕಿವೆ. ಆ ಹನ್ನೊಂದು ಮನೆಗಳ ಬೀಗಗಳು ಅಲ್ಲಲ್ಲೇ ಇವೆ.

ಅಂಗೈಯಲ್ಲಿ ಹಿಡಿಯಬೇಡಿ, ಮುಂದೋಳಿನ ಮೇಲೆ ಮಲಗಿಸಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದರು. ಇವತ್ತು ಹನ್ನೊಂದು ಗಂಟೆಗೆ ಕೂತು, ಎರಡು ದಿಂಬು ಇಟ್ಟುಕೊಂಡು, "ಕೊಡಿ" ಎಂದೆ. ಇವರು ಬಟಾಣಿಯನ್ನು ತಂದು ನನ್ನ ತೋಳಿನ ಮೇಲೆ ಇಟ್ಟರು. ಎಷ್ಟು ಭಾರವಾಗಿದ್ದಾಳೆ. ನನಗೆ ಗೊತ್ತೇ ಇರಲಿಲ್ಲ.

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ತುಟಿ ಮುಂದೆ ಬಂತು. ಕತ್ತು ಹೊರಳಿಸಿ ಅತ್ತೆಯನ್ನು ಹುಡುಕಿ, ಕಿರುಚಿ ಅಳಲು ಶುರುಮಾಡಿದಳು. ಬಿಲ್ಲಿನಂತೆ ಬಾಗಿ ಹಿಂದಕ್ಕೆ ಒದ್ದಳು. ಗಿಲಕಿಗೆ ನಕ್ಕವಳು ನನ್ನ ತೋಳಿಗೆ ಅತ್ತಳು. ಅವಳ ತಪ್ಪೇನಿದೆ, ಅವಳಿಗೆ ನಾನು ದೂರದಿಂದ ಸದ್ದು ಮಾಡುವ ಹೆಂಗಸು. 

ಅತ್ತೆ ಅಭ್ಯಾಸಬಲದಿಂದ ಎರಡೂ ಕೈ ಚಾಚಿದರು. "ಕೊಡು, ಸುಮ್ಮನಾಗಿಸಿ ಕೊಡ್ತೀನಿ."

"ಬೇಡ ಅತ್ತೆ. ನೀವು ಒಳಗೆ ಹೋಗಿ."

ಅತ್ತೆ ನನ್ನ ಮುಖ ನೋಡಿ, ಕೈ ಇಳಿಸಿ, ಒಳಗೆ ಹೋದರು. ಬಟಾಣಿ ಅವರು ಹೋದ ಬಾಗಿಲನ್ನೇ ನೋಡಿ ಅತ್ತಳು. ಮಣಿಕಟ್ಟು ಚುಚ್ಚುತ್ತಿತ್ತು. ಮುಂದೋಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅವಳು ನನಗೆ ಒಗ್ಗಿ ಸುಮ್ಮನಾದಳೆಂದು ಬರೆದರೆ ಅದು ಸುಳ್ಳು. ಸಾಕಾಗುವಷ್ಟು ಅತ್ತು, ದಣಿದು, ನನ್ನ ತೋಳಿನ ಮೇಲೇ ನಿದ್ದೆಹೋದಳು. ಇವರು ಎತ್ತಿ ಮಲಗಿಸಲು ಬಂದರು. ತಲೆಯಾಡಿಸಿದೆ.

ನಾಳೆಯೂ ಅಳುತ್ತಾಳೆ. ನಾಳೆಯೂ ಕೊಡುವುದಿಲ್ಲ.